ಪೆರ್ಲದ ಹಪ್ಪಳದ ಮನೆ, ಶಾರ್ಜಾದಲ್ಲಿ ಬೀಗದಕೈ

ನಾಗರ ಪಂಚಮಿಯ ಮಧ್ಯಾಹ್ನ, ನಾಗಬನದಲ್ಲಿ ತನು (ಹಾಲು, ಎಳನೀರು) ಎರೆಸಿ ಬಂದು ಊಟಕ್ಕೆ ಕುಳಿತಿದ್ದೆ. ಕೇರಳದ ಕಾಸರಗೋಡು ಜಿಲ್ಲೆಯ ಗಡಿ ಊರಾದ ಪೆರ್ಲದಿಂದ ಮಾವನ ಫೋನ್ ಬಂತು. "ನಮ್ಮ ವೆಬ್‌ಸೈಟು ತೆರೆಯುವುದಿಲ್ಲವಂತೆ. ಬೆಂಗಳೂರಿನ ಗಿರಾಕಿಯೊಬ್ಬರು ಹೇಳಿದರು. ಮಳೆಗೆ ಇಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ, ಅದರದ್ದೇ ತೊಂದರೆ ಎಂದು ನಾವು ಇಷ್ಟು ದಿನ ಸುಮ್ಮನಿದ್ದೆವು. ನೀನೊಮ್ಮೆ ನೋಡುವಿಯಾ?" ಅಂದು 2024ರ ಆಗಸ್ಟ್ 9. ಚೌತಿಗೆ ನಾಲ್ಕು ವಾರ, ಓಣಂಗೆ ಐದು. ಹಪ್ಪಳ ಮಾರುವವರಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ.

ಮಾವ ಎಂದರೆ ಹತ್ತಿರದ ಸಂಬಂಧವೇನಲ್ಲ. ನಮ್ಮ ಕಡೆ ಮೂರು ತಲೆಮಾರು ಹಿಂದಕ್ಕೆ ಹೋದರೆ ಎಲ್ಲರೂ ಮಾವಂದಿರು, ಭಾವಂದಿರೇ. ನಾನು ನೀರ್ಚಾಲಿನಲ್ಲಿ ಕುಳಿತು ವೆಬ್‌ಸೈಟ್ ಕಟ್ಟಿಕೊಡುವ, ಕೆಟ್ಟದ್ದನ್ನು ಸರಿಪಡಿಸುವ ಕೆಲಸ ಮಾಡುತ್ತೇನೆ. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಷ್ಟು ಮರೆಮಾಡಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಆ ಸೈಟನ್ನು ಮೊದಲು ಮಾಡಿಕೊಟ್ಟವನು ನಾನಲ್ಲ. ನಾನೇ ಮಾಡಿಕೊಟ್ಟಿದ್ದರೂ ಇವುಗಳಲ್ಲಿ ಅರ್ಧದಷ್ಟು ತಪ್ಪುಗಳು ಆಗಿಯೇ ಆಗುತ್ತಿದ್ದವು. ಅದನ್ನು ಮುಂದೆ ಹೇಳುತ್ತೇನೆ.

ಗಡಿ ಮುಚ್ಚಿದ ವರ್ಷ

ಈ ಮನೆಯ ಹಲಸಿನ ಹಪ್ಪಳ, ಮಾಂಬಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಶರಬತ್ತಿನ ಗಿರಾಕಿಗಳಲ್ಲಿ ಹೆಚ್ಚಿನವರು ಗಡಿಯಾಚೆಯವರು. ಪೆರ್ಲದಿಂದ ಹೊರಟು ಸಾರಡ್ಕ ದಾಟಿದರೆ ಕರ್ನಾಟಕದ ಅಡ್ಯನಡ್ಕ, ವಿಟ್ಲ, ಪುತ್ತೂರು. 1956ರಲ್ಲಿ ರಾಜ್ಯ ವಿಂಗಡಣೆಯಾಗಿ ನಕ್ಷೆಯ ಮೇಲೆ ಗೆರೆ ಬಿದ್ದರೂ ಮದುವೆ, ಆಸ್ಪತ್ರೆ, ಅಡಿಕೆ, ಹಪ್ಪಳ ಯಾವುದೂ ಆ ಗೆರೆಯನ್ನು ಲೆಕ್ಕಕ್ಕೆ ಇಟ್ಟದ್ದಿಲ್ಲ. ಕೊರೋನಾ ಹರಡಿದ 2020ರ ಮಾರ್ಚ್ ಕೊನೆಗೆ ಕರ್ನಾಟಕ ಸರಕಾರ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮೊದಲ ಬಾರಿಗೆ ಗೆರೆ ಕಣ್ಣಿಗೆ ಕಂಡಿತು. ಮಂಗಳೂರು ದಾರಿಯ ಗಡಿ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತ ಆ ದಿನಗಳಲ್ಲಿ ಹಪ್ಪಳದ ನಷ್ಟವನ್ನು ಹೇಳಿಕೊಳ್ಳುವುದೂ ಸಣ್ಣತನವೇ. ಆದರೆ ನಷ್ಟ ನಷ್ಟವೇ. ಹಲಸು ಬಲಿಯುವ ಹೊತ್ತು. ಅತ್ತೆ ಮತ್ತು ನೆರೆಯ ಮೂವರು ಹೆಂಗಸರು ಒತ್ತಿ ಒಣಗಿಸಿದ ಹಪ್ಪಳ ಡಬ್ಬಿಗಳಲ್ಲಿ ಅಟ್ಟ ಹತ್ತಿ ಕುಳಿತಿತು. ಪುತ್ತೂರಿನ ಅಂಗಡಿಯವರಿಗೆ ಬೇಕಿತ್ತು, ಕಳಿಸಲು ದಾರಿ ಇರಲಿಲ್ಲ.

ಅಂಗಡಿಗಳನ್ನೇ ನಂಬಿ ಕೂರಬಾರದು, ನೇರ ಗಿರಾಕಿಗಳ ಮನೆಗೇ ಕಳಿಸಬೇಕು ಎಂಬ ಯೋಚನೆ ಬಂದದ್ದು ಆಗ. ಮರುವರ್ಷ ಕಾಸರಗೋಡಿನ ಕಡೆಯ ಒಬ್ಬ ಹುಡುಗನಿಗೆ ಕೆಲಸ ಒಪ್ಪಿಸಿದರು. ಇಂಜಿನಿಯರಿಂಗ್ ಮುಗಿಸಿದವನು, ಪರಿಚಯದವರ ಮಗ, ಮಾತು ಮೆದು. 28,000 ರೂಪಾಯಿಗೆ ಮಾತಾಯಿತು. ಅರ್ಧ ಮುಂಗಡ ಫೋನಿನಲ್ಲಿ ಹೋಯಿತು. ಕಾಗದ ಎಂದು ಒಂದೂ ಆಗಲಿಲ್ಲ. ಒಂದು ತಿಂಗಳು ಎಂದದ್ದು ನಾಲ್ಕು ತಿಂಗಳಾಯಿತು. ಅದಕ್ಕೆ ಅವನನ್ನೊಬ್ಬನನ್ನೇ ದೂರುವಂತಿಲ್ಲ, ಹಪ್ಪಳದ ಫೋಟೋ ಕಳಿಸಲು ಇವರೇ ಆರು ವಾರ ತೆಗೆದುಕೊಂಡಿದ್ದರು. ಆಮೇಲೆ ವರ್ಷಕ್ಕೆ 6,500 ರೂಪಾಯಿ "ನಿರ್ವಹಣೆ". ಅದರಲ್ಲಿ ಏನೇನು ಸೇರಿದೆ ಎಂದು ಇವರು ಕೇಳಲಿಲ್ಲ, ಅವನು ಹೇಳಲಿಲ್ಲ. 2022ರಲ್ಲಿ ಕೊಟ್ಟರು, 2023ರಲ್ಲಿ ಕೊಟ್ಟರು. 2024ರಲ್ಲಿ ಅವನು ಕೇಳಲಿಲ್ಲ. ಕೇಳದವನಿಗೆ ಕೊಡುವುದು ಯಾಕೆ ಎಂದು ಇವರೂ ಸುಮ್ಮನಾದರು.

ಇದೇ ಮಾವ ಮೂರು ವರ್ಷದ ಹಿಂದೆ ಇಪ್ಪತ್ತು ಸೆಂಟ್ಸ್ ಗುಡ್ಡೆ ಜಾಗ ಕೊಂಡಾಗ ಆಧಾರ (ಜಾಗದ ಕ್ರಯಪತ್ರ), ಹಿಂದಿನ ಆಧಾರ, ನಿಕುತಿ (ಭೂತೆರಿಗೆ) ರಶೀದಿ, ಅದರ ಮೇಲೆ ಬ್ಯಾಂಕಿನ ಸಾಲ ಉಂಟೋ ಇಲ್ಲವೋ ಎಂಬ ಪತ್ರ ಎಲ್ಲವನ್ನೂ ವಕೀಲರ ಬಳಿ ಎರಡೆರಡು ಸಲ ಓದಿಸಿದ್ದರು. ಸರ್ವೆಯವರು ಬಂದಾಗ ಸರಪಳಿಯ ಒಂದು ತುದಿ ತಾವೇ ಹಿಡಿದಿದ್ದರು.

ಎಂಟು ದಿನ

ಮೊದಲು ನಾನು ಕೇಳಿದ ಪ್ರಶ್ನೆ ಒಂದೇ. "ಡೊಮೇನ್ ಯಾರ ಹೆಸರಿನಲ್ಲಿದೆ ಮಾವ?"

"ನಮ್ಮ ಹೆಸರಿನಲ್ಲಿಯೇ. ನಮ್ಮ ಮನೆಯ ಹೆಸರಿನದ್ದೇ ಅಲ್ಲವಾ ವೆಬ್‌ಸೈಟು?"

ಈ ಉತ್ತರವನ್ನು ನಾನು ಹತ್ತು ವರ್ಷಗಳಲ್ಲಿ ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಡೊಮೇನ್ ಎಂದರೆ ವೆಬ್‌ಸೈಟಿನ ವಿಳಾಸ. ವಿಳಾಸದಲ್ಲಿ ಇರುವ ಹೆಸರು ಒಂದು, ಆ ವಿಳಾಸ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದು ಇನ್ನೊಂದು. ಬಸ್ಸಿನ ಮೇಲೆ ದೇವರ ಹೆಸರು ಬರೆದ ಮಾತ್ರಕ್ಕೆ ಪರ್ಮಿಟ್ ದೇವರದ್ದಾಗುವುದಿಲ್ಲ. ಡೊಮೇನ್ ನೋಂದಣಿ ಮಾಡುವ ಸಂಸ್ಥೆಯ ದಾಖಲೆಯಲ್ಲಿ ಯಾರ ಹೆಸರು, ಯಾರ ಮಿಂಚಂಚೆ (ಇಮೇಲ್) ಇದೆಯೋ ಅವನೇ ಒಡೆಯ. ದುಡ್ಡು ಯಾರ ಜೇಬಿನಿಂದ ಹೋಯಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ನೋಂದಣಿ ವಿವರ ತೋರಿಸುವ ಸಾರ್ವಜನಿಕ ಪುಟ ತೆರೆದೆ. ಹೆಸರಿನ ಜಾಗದಲ್ಲಿ ಮುಸುಕು. ಯುರೋಪಿನ ಖಾಸಗಿತನದ ಕಾನೂನು 2018ರಲ್ಲಿ ಜಾರಿಗೆ ಬಂದ ಮೇಲೆ ಒಡೆಯನ ಹೆಸರು ಹೊರಗೆ ಕಾಣುವುದು ಬಹುಮಟ್ಟಿಗೆ ನಿಂತೇಹೋಗಿದೆ. ಕಂಡದ್ದು ಎರಡು ಸಂಗತಿ: ಅವಧಿ ಮುಗಿದದ್ದು ಜೂನ್ 3ಕ್ಕೆ, ಈಗಿನ ಸ್ಥಿತಿ "ರಿಡೆಂಪ್ಷನ್". ಅದನ್ನು ಓದಿ ಅನ್ನದ ಬಟ್ಟಲು ಬದಿಗೆ ಸರಿಸಿದೆ.

ಡಾಟ್ ಕಾಮ್ ಹೆಸರಿನ ಅವಧಿ ಮುಗಿದರೆ ಅದು ಒಂದೇ ದಿನದಲ್ಲಿ ಕೈಬಿಟ್ಟು ಹೋಗುವುದಿಲ್ಲ. ನೋಂದಣಿ ಸಂಸ್ಥೆಯನ್ನು ಅನುಸರಿಸಿ ಹೆಚ್ಚೆಂದರೆ 45 ದಿನ ಮಾಮೂಲಿ ಶುಲ್ಕ ಕಟ್ಟಿ ನವೀಕರಿಸಬಹುದು. ಆಮೇಲೆ 30 ದಿನ ದಂಡದ ಅವಧಿ, ಅದೇ "ರಿಡೆಂಪ್ಷನ್". ಆಗಲೂ ಹಳೆಯ ಒಡೆಯನೇ ಬಿಡಿಸಿಕೊಳ್ಳಬೇಕು. ಅದೂ ದಾಟಿದರೆ ಐದು ದಿನ ಯಾರೂ ಮುಟ್ಟುವಂತಿಲ್ಲ, ಮತ್ತೆ ಬಯಲಿಗೆ ಬಿದ್ದ ಹೆಸರು. ಹಾಗೆ ಬೀಳುವ ಹೆಸರುಗಳಿಗಾಗಿ ಹಗಲು ರಾತ್ರಿ ಕಾದು ಕೂತ ಯಂತ್ರಗಳಿವೆ. ಮೂರು ವರ್ಷ ನಡೆದ, ಗಿರಾಕಿಗಳು ಬರುವ ಹೆಸರಾದರೆ ಜೂಜಿನ ಸೈಟಿನವರು ಮೊದಲು ಕೊಳ್ಳುತ್ತಾರೆ. ಬೆರಳು ಮಡಚಿ ಎಣಿಸಿದೆ: ಉಳಿದದ್ದು ಎಂಟು ದಿನ.

ಹುಡುಗನ ಫೋನ್ ಚಾಲ್ತಿಯಲ್ಲಿರಲಿಲ್ಲ. ಸೊಸೆ (ಮಾವನ ಸೊಸೆ; ಬಿ.ಕಾಂ. ಓದಿದವಳು, ಮುಂದಿನ ಕತೆಯಲ್ಲಿ ಅವಳದ್ದೇ ಮುಖ್ಯ ಕೆಲಸ) ಅವನ ತಾಯಿಯನ್ನು ದೇವಸ್ಥಾನದಲ್ಲಿ ನೋಡಿದ ನೆನಪು ಹಿಡಿದು ಮನೆ ಪತ್ತೆ ಮಾಡಿದಳು. ಹುಡುಗ ಶಾರ್ಜಾದಲ್ಲಿದ್ದಾನೆ, ಗೋದಾಮಿನ ಲೆಕ್ಕ ನೋಡುವ ಕೆಲಸ, ಹೋಗಿ ಒಂದು ವರ್ಷ ದಾಟಿತು. ಕಾಸರಗೋಡಿನಲ್ಲಿ ಇದು ಹೊಸ ಸುದ್ದಿಯೇನಲ್ಲ, ನಮ್ಮ ಜಿಲ್ಲೆಯ ಯಾವ ಕೆಲಸವನ್ನೇ ಆಗಲಿ ಯಾರಿಗಾದರೂ ಒಪ್ಪಿಸುವಾಗ "ಇವನು ಗಲ್ಫಿಗೆ ಹೋದರೆ?" ಎಂದು ಕೇಳಿಕೊಳ್ಳಬೇಕು.

ಆ ರಾತ್ರಿ ಅವನು ಮಾತಿಗೆ ಸಿಕ್ಕಿದ. ಮೋಸಗಾರನ ಧ್ವನಿ ಆಗಿರಲಿಲ್ಲ ಅದು. "ಅಣ್ಣಾ, ಅದು ತಾನಾಗಿಯೇ ನವೀಕರಣ ಆಗುವ ಹಾಗೆ ಇಟ್ಟಿದ್ದೆ" ಎಂದ. ಇಟ್ಟದ್ದು ನಿಜ. ಆದರೆ 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಿದೆ. ಮೊದಲೇ ಒಪ್ಪಿಗೆ ನೋಂದಾಯಿಸದ ಕಾರ್ಡಿನಿಂದ ಹೀಗೆ ತಾನಾಗಿ ದುಡ್ಡು ಕಡಿತವಾಗುವುದು ನಿಂತಿದೆ. ಅವನು ಡೊಮೇನ್ ಕೊಂಡದ್ದು ಅದಕ್ಕಿಂತ ನಾಲ್ಕು ತಿಂಗಳು ಮೊದಲು, ಮೂರು ವರ್ಷಕ್ಕೆ. ಎಚ್ಚರಿಕೆಯ ಮಿಂಚಂಚೆಗಳು ಬಂದವು, ಅವನ ಕಾಲೇಜು ದಿನಗಳ ಹಳೆಯ ಖಾತೆಗೆ. ಕೈಯಿಂದ ದುಡ್ಡು ಕಟ್ಟೋಣ ಎಂದರೆ ಬ್ಯಾಂಕಿನ ಒಟಿಪಿ ಹೋಗುವುದು ಊರಿನ ಸಿಮ್ಮಿಗೆ. 90 ದಿನ ಬಳಕೆ ಇಲ್ಲದಿದ್ದರೆ ಕಂಪನಿಯವರು ನಂಬರನ್ನು ಹಿಂದಕ್ಕೆ ಪಡೆಯಬಹುದು; ಅದು ಹೋಗಿ ಎಷ್ಟೋ ಕಾಲವಾಗಿತ್ತು. ಒಂದು ಹೆಸರು ಉಳಿಯಲು ನಾಲ್ಕು ಕೊಂಡಿಗಳು ಬೇಕಿದ್ದವು, ನಾಲ್ಕೂ ಒಬ್ಬನದ್ದೇ, ಅವನು ಕಡಲಾಚೆ.

ಅವನು ಅಲ್ಲಿಂದ ಖಾತೆಗೆ ಲಾಗಿನ್ ಆದ, ಪಾವತಿಯ ಕೊಂಡಿಯನ್ನು ಇತ್ತ ಕಳಿಸಿದ, ಸೊಸೆ ಯುಪಿಐನಲ್ಲಿ ಕಟ್ಟಿದಳು. ಸಾವಿರದ ಆಸುಪಾಸಿನಲ್ಲಿ ಮುಗಿಯಬೇಕಿದ್ದ ನವೀಕರಣ ಎಂಟೂವರೆ ಸಾವಿರವಾಯಿತು. ಎರಡನೆಯ ದಿನ ಹೆಸರು ಮರಳಿತು. ಕೂಡಲೇ ಮಾವನ ಹೆಸರಿನಲ್ಲಿ ಅದೇ ಸಂಸ್ಥೆಯಲ್ಲಿ ಒಂದು ಖಾತೆ ತೆರೆದು ಅದಕ್ಕೆ ದಾಟಿಸಿಕೊಂಡೆವು. ಬೇರೆ ಸಂಸ್ಥೆಗೆ ಒಯ್ಯುವ ಗೋಜಿಗೆ ಹೋಗಲಿಲ್ಲ. ಒಡೆಯನ ಹೆಸರು ಬದಲಾದ ಮೇಲೆ ಸಾಮಾನ್ಯವಾಗಿ 60 ದಿನ ಹೊರಗೆ ಹೋಗದಂತೆ ಬೀಗ ಬೀಳುತ್ತದೆ.

ಹೆಸರು ಬಂತು, ಮನೆ ಬರಲಿಲ್ಲ. ಹುಡುಗ ಹೋಸ್ಟಿಂಗ್ ಜಾಗವನ್ನು, ಅಂದರೆ ಸೈಟಿನ ಕಡತಗಳನ್ನು ಇಡುವ ಬಾಡಿಗೆ ಜಾಗವನ್ನು, ಸಗಟಿನಲ್ಲಿ ಕೊಂಡು 14 ಗಿರಾಕಿಗಳ ಸೈಟುಗಳನ್ನು ಅದರಲ್ಲಿ ಇಟ್ಟಿದ್ದ. ಬಾಡಿಗೆ ನಿಂತಿತು, ಕಂಪನಿಯವರು ಕೆಲವು ದಿನ ಕಾದರು, ಅಳಿಸಿದರು. ಅದರ ಜೊತೆಗೆ ಡೊಮೇನಿನ ಹೆಸರಿನ ಮಿಂಚಂಚೆಯೂ ಹೋಯಿತು. ಸೈಟಿನಲ್ಲಿ ಗಿರಾಕಿಗಳ ದುಡ್ಡು ಪಡೆಯುವ ಪೇಮೆಂಟ್ ಗೇಟ್‌ವೇಯ ಲಾಗಿನ್ ಇದ್ದದ್ದು ಆ ಮಿಂಚಂಚೆಯಲ್ಲಿ, ನೋಂದಾಯಿಸಿದ ಮೊಬೈಲ್ ಹುಡುಗನದ್ದು. ಪ್ಯಾನ್, ಬ್ಯಾಂಕಿನ ಪುಸ್ತಕ, ಸಹಿ ಮಾಡಿದ ಪತ್ರ ಎಂದು ಹೋಗಿ ಬಂದು ಅದೊಂದನ್ನು ಮಾವನ ನಂಬರಿಗೆ ತರಲು ಒಂಬತ್ತು ದಿನ ಬೇಕಾಯಿತು. ಅಡಿಕೆಗೊನೆ ತೆಗೆಯಲು ಬಂದವನ ಕೈಯಲ್ಲಿ ತೋಟದ ಆಧಾರ, ಗೇಟಿನ ಬೀಗ, ಅಡಿಕೆ ಮಾರಿದ ದುಡ್ಡು ಬರುವ ಪಾಸ್‌ಬುಕ್ಕು ಎಲ್ಲ ಕೊಟ್ಟು ಬಂದ ಹಾಗೆ ಆಗಿತ್ತು.

ಹಳೆಯ ಲ್ಯಾಪ್‌ಟಾಪಿನಲ್ಲಿ ಸಿಕ್ಕಿದ್ದು

ಶಾರ್ಜಾದಿಂದ ಅವನು ಹೇಳಿದಂತೆ ಅವನ ತಂಗಿ ಊರಿನ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ತೆರೆದು 2022ರ ಡಿಸೆಂಬರಿನ ಒಂದು ಬ್ಯಾಕಪ್ (ಸೈಟಿನ ನಕಲು ಪ್ರತಿ) ಹುಡುಕಿ ಕೊಟ್ಟಳು. ಇದ್ದದ್ದು ಒಂದೇ.

ಅದನ್ನು ಬಿಚ್ಚಿ ನೋಡಿದರೆ ಸೈಟಿನ ಹೊರನೋಟ ರೂಪಿಸುವ ಥೀಮ್ ದುಡ್ಡು ಕೊಟ್ಟು ಕೊಂಡದ್ದಲ್ಲ, ಕದ್ದು ಹಂಚುವವರಿಂದ ಇಳಿಸಿಕೊಂಡದ್ದು. ಒಂದು ಕಡತದ ಕೊನೆಯಲ್ಲಿ, ಇನ್ನೂರು ಖಾಲಿ ಸಾಲುಗಳ ಕೆಳಗೆ, ಅರ್ಥವಿಲ್ಲದ ಅಕ್ಷರಗಳ ಒಂದೇ ಒಂದು ಉದ್ದ ಸಾಲು. ಬಿಡಿಸಿದರೆ ಅದು ಹೊರಗಿನ ಇನ್ನೊಂದು ಕಂಪ್ಯೂಟರಿನಿಂದ ಆಜ್ಞೆ ತರಿಸಿಕೊಳ್ಳುವ ಬಾಗಿಲು. ಗೂಗಲ್‌ನಲ್ಲಿ ಈ ಸೈಟಿನ ಪುಟಗಳನ್ನಷ್ಟೇ ಹುಡುಕಿದಾಗ ಹಪ್ಪಳದ ಮನೆಯ ಹೆಸರಿನಲ್ಲಿ ಜಪಾನೀ ಲಿಪಿಯ ಕೈಚೀಲದ ಜಾಹೀರಾತುಗಳು ಸಾಲಾಗಿ ಬಂದವು. ಮಾವನಿಗೆ ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ ನೋಡಿ, "ಇದು ಯಾವ ಭಾಷೆ? ಇಷ್ಟು ದೂರದವರಿಗೂ ನಮ್ಮ ಹಪ್ಪಳ ಗೊತ್ತಾ?" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈ ಸೈಟನ್ನು ಕಟ್ಟಿದ್ದ ವರ್ಡ್‌ಪ್ರೆಸ್ ತಂತ್ರಾಂಶ ಉಚಿತ, ಯಾರು ಬೇಕಾದರೂ ಬಳಸಬಹುದು. ಅದರ ಮೇಲೆ ಹಾಕುವ ಥೀಮ್, ಹೆಚ್ಚಿನ ಸೌಲಭ್ಯ ಜೋಡಿಸುವ ಪ್ಲಗಿನ್‌ಗಳಲ್ಲಿ ಕೆಲವಕ್ಕೆ ವರ್ಷಕ್ಕೆ ಕೆಲವು ಸಾವಿರ ಶುಲ್ಕವಿದೆ. ಸೈಟ್ ಮಾಡಿಕೊಡುವ ಡೆವಲಪರ್ ಹೇಳಿದ ಬೆಲೆಯಲ್ಲಿ ಅದು ಸೇರಿದೆಯೇ, ರಶೀದಿ ಯಾರ ಹೆಸರಿನಲ್ಲಿ ಬರುತ್ತದೆ ಎಂದು ಕೇಳುವುದು ಅನುಮಾನದ ಮಾತಲ್ಲ. 28,000ಕ್ಕೆ ಒಪ್ಪಿಕೊಂಡವನು ಎಲ್ಲಿ ಉಳಿಸುತ್ತಾನೆ ಎಂಬ ಪ್ರಶ್ನೆ ಕೊಳ್ಳುವವನಿಗೂ ಇರಬೇಕು.

ಕನ್ನಡ ಪುಟದ ಕತೆ ಇನ್ನೊಂದು. ಪ್ರೆಸ್ಸಿನವರು ಕರಪತ್ರಕ್ಕೆಂದು "ನುಡಿ" ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಕೂಡಿಸಿದ ಬರಹವನ್ನು ಸೈಟಿಗೆ ಅಂಟಿಸಿದಾಗ ಅದು ತಲೆಗೆ ಕೊಂಬು, ಬಾಲ ಬಂದ ಇಂಗ್ಲಿಷ್ ಅಕ್ಷರಗಳಾಯಿತು. ಹುಡುಗ ಮಲಯಾಳಂ ಮಾಧ್ಯಮದವನು, ಕನ್ನಡ ಮಾತು ಬರುತ್ತದೆ, ಓದು ಅಷ್ಟಕ್ಕಷ್ಟೇ. ಸುಲಭದ ದಾರಿ ಹಿಡಿದು ಕರಪತ್ರದ ಫೋಟೋವನ್ನೇ ಪುಟಕ್ಕೆ ಏರಿಸಿದ್ದ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಪುಟದಲ್ಲಿ ಅಕ್ಷರವೇ ಇಲ್ಲದ ಮೇಲೆ "ಹಲಸಿನ ಹಪ್ಪಳ" ಎಂದು ಹುಡುಕಿದವರ ಕಣ್ಣಿಗೆ ಅದು ಬೀಳುವುದು ಹೇಗೆ? ಮೂರು ವರ್ಷ ಈ ಮನೆ ಕನ್ನಡದಲ್ಲಿ ಯಾರಿಗೂ ಕಾಣಲೇ ಇಲ್ಲ. ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್‌ ಅಕ್ಷರದಲ್ಲಿ ಬರೆದ ಅದೇ ನಾಲ್ಕು ಪ್ಯಾರಾ ಸಾಕಿತ್ತು.

ಗಿರಾಕಿಗಳ ಪಟ್ಟಿಯನ್ನು ಉಳಿಸಿದ್ದು ಒಂದು ಅಚಾತುರ್ಯ. ಪ್ರತಿ ಆರ್ಡರಿನ ಸೂಚನೆ ಹುಡುಗನ ಖಾಸಗಿ ಮಿಂಚಂಚೆಗೂ ಹೋಗುವಂತೆ ಅವನು ಪರೀಕ್ಷೆಗೆಂದು ಇಟ್ಟದ್ದನ್ನು ತೆಗೆಯಲು ಮರೆತಿದ್ದ. ಅವನು ಎಲ್ಲವನ್ನೂ ಇತ್ತ ಕಳಿಸಿದ. ನಾನೂರ ಚಿಲ್ಲರೆ ಹೆಸರು, ವಿಳಾಸ, ಫೋನ್ ಮರಳಿ ಬಂದವು. ನಮಗೆ ಒಳ್ಳೆಯದಾಯಿತು ನಿಜ. ಆದರೆ ಬೆಂಗಳೂರಿನ ನಾನೂರು ಮನೆಗಳ ವಿಳಾಸ ಶಾರ್ಜಾದ ಗೋದಾಮಿನ ಒಬ್ಬನ ಫೋನಿನಲ್ಲಿ ಇದ್ದದ್ದೂ ನಿಜ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಣ್ಣಿನಲ್ಲಿ ಆ ವಿಳಾಸಗಳ ಹೊಣೆ ಮಾವನದ್ದು, ಹುಡುಗನದ್ದಲ್ಲ.

ಪೆಟ್ಟಿಗೆಯ ಲೆಕ್ಕ

ಇಷ್ಟರವರೆಗಿನದ್ದು ನನಗೆ ಅಭ್ಯಾಸವಾದ ಅವಘಡಗಳೇ. ಹೊಸದಾಗಿ ಕಲಿತದ್ದು ಸೊಸೆಯಿಂದ.

ಹಳೆಯ ಆರ್ಡರುಗಳನ್ನೂ ಕೊರಿಯರಿನ ತಿಂಗಳ ಬಿಲ್ಲುಗಳನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಅವಳು ಒಂದು ಸಂಜೆ ಫೋನ್ ಮಾಡಿದಳು. "ಭಾವ, ಹತ್ತು ಕಟ್ಟು ಹಪ್ಪಳಕ್ಕೆ ನಮ್ಮ ಸೈಟು ಎರಡು ಕಿಲೋ ಎಂದು ಕೊರಿಯರ್ ಹಣ ತೆಗೆದುಕೊಂಡಿದೆ. ಕೊರಿಯರಿನವರು ನಾಲ್ಕೂವರೆ ಕಿಲೋ ಎಂದು ಬಿಲ್ಲು ಹಾಕಿದ್ದಾರೆ. ನಾನು ತೂಗಿ ನೋಡಿದೆ, ಎರಡು ಕಿಲೋಗಿಂತ ಕಡಿಮೆಯೇ ಇದೆ. ಇವರು ಮೋಸ ಮಾಡುತ್ತಿದ್ದಾರಾ?"

ಮೋಸವಲ್ಲ. ಬಹಳಷ್ಟು ಕೊರಿಯರ್ ಕಂಪನಿಗಳು ತಕ್ಕಡಿಯ ತೂಕವನ್ನೂ ಪೆಟ್ಟಿಗೆಯ ಗಾತ್ರವನ್ನೂ ನೋಡಿ, ಯಾವುದು ಹೆಚ್ಚೋ ಅದಕ್ಕೆ ಹಣ ಹಾಕುತ್ತವೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ಕ್ರಮ. ಮಾವನ ಪೆಟ್ಟಿಗೆ 30, 30, 25. ಗುಣಿಸಿದರೆ 22,500, ಭಾಗಿಸಿದರೆ ನಾಲ್ಕೂವರೆ. ಹಪ್ಪಳ ಹಗುರ, ಆದರೆ ಮುರಿಯುತ್ತದೆ. ಮುರಿಯಬಾರದೆಂದು ದೊಡ್ಡ ಪೆಟ್ಟಿಗೆ, ಸುತ್ತಲೂ ಹಳೆಯ ಪೇಪರ್ ತುರುಕುವುದು. ಹೀಗೆ ಒಂದೊಂದು ಪೆಟ್ಟಿಗೆಗೂ ನೂರು ರೂಪಾಯಿಯ ಮೇಲೆ ಕೈಯಿಂದ ಹೋಗುತ್ತಿತ್ತು. ಮೂರು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಮಾವ ಕೊರಿಯರ್ ಬಿಲ್ಲನ್ನು ಕರೆಂಟು ಬಿಲ್ಲಿನ ಜೊತೆ ಕಟ್ಟಿ ಬರುತ್ತಿದ್ದರು.

ಕೋಡಿನಲ್ಲಿ ಇದನ್ನು ಸರಿಪಡಿಸುವುದು ಅರ್ಧ ದಿನದ ಕೆಲಸ. ಸೊಸೆ ಅದಕ್ಕೂ ಕಾಯಲಿಲ್ಲ. ಕಟ್ಟುಗಳನ್ನು ಅಡುಗೆಮನೆಯ ನೆಲದಲ್ಲಿ ಜೋಡಿಸಿ ನೋಡಿದಳು: ಹಪ್ಪಳ 11 ಸೆಂಟಿಮೀಟರ್ ಅಗಲ, ಇಪ್ಪತ್ತೈದರ ಕಟ್ಟು ಆರು ಸೆಂಟಿಮೀಟರ್ ಎತ್ತರ. ಒಂದು ಅಂತಸ್ತಿಗೆ ಎರಡೆರಡರಂತೆ ನಾಲ್ಕು, ಅಂಥ ಮೂರು ಅಂತಸ್ತು. 22, 22, 20ರ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಹನ್ನೆರಡು ಕಟ್ಟು ಅಲುಗಾಡದೆ ಕುಳಿತವು. ಲೆಕ್ಕ ಎರಡು ಕಿಲೋದೊಳಗೆ ಬಂತು. ಅಲುಗಾಡದ ಕಾರಣ ಮುರಿಯುವುದೂ ಕಡಿಮೆಯಾಯಿತು. ಹತ್ತರ ಬದಲು ಹನ್ನೆರಡು ಕಟ್ಟಿನ ಪೆಟ್ಟಿಗೆಯನ್ನೇ ಸೈಟಿನಲ್ಲಿ ಮಾರಿದರಾಯಿತು.

ಮೊದಲಿನ ಹುಡುಗ ಒಮ್ಮೆಯೂ ಹಪ್ಪಳ ಕಟ್ಟುವುದನ್ನು ನೋಡಲು ಮನೆಗೆ ಬಂದಿರಲಿಲ್ಲ. ಬನ್ನಿ ಎಂದು ಇವರು ಕರೆದಿರಲೂ ಇಲ್ಲ. "ಕಂಪ್ಯೂಟರಿನ ಕೆಲಸಕ್ಕೆ ಅಡುಗೆಮನೆಯಲ್ಲಿ ಏನು ನೋಡುವುದು?" ಎಂದು ಮಾವ ಈಗಲೂ ಕೇಳುತ್ತಾರೆ.

ತೆರಿಗೆಯದ್ದೂ ಇದೇ ಜಾತಿಯ ತಪ್ಪು, ಗಡಿಯ ನಮಗೆ ಅದು ಬೇಗ ಅಂಟಿಕೊಳ್ಳುತ್ತದೆ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ಪೆರ್ಲದಿಂದ ಐನೂರು ಕಿಲೋಮೀಟರಿಗೂ ದೂರದ ತಿರುವನಂತಪುರಕ್ಕೆ ಉಪ್ಪಿನಕಾಯಿ ಕಳಿಸಿದರೆ ಅದು ರಾಜ್ಯದೊಳಗಿನ ಮಾರಾಟ. ಸ್ಕೂಟರಿನಲ್ಲಿ ಅಡ್ಯನಡ್ಕಕ್ಕೆ ಕೊಟ್ಟು ಬಂದರೆ ಅಂತರರಾಜ್ಯ. ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರುವವರು, ವಹಿವಾಟು ಎಷ್ಟೇ ಸಣ್ಣದಾಗಿರಲಿ, ಕೇಂದ್ರ ಜಿಎಸ್‌ಟಿ ಕಾಯ್ದೆಯ 24ನೆಯ ಕಲಮಿನಂತೆ ನೋಂದಣಿ ಮಾಡಿಸಬೇಕು. ಮಾವನಿಗೆ ನೋಂದಣಿ ಇತ್ತು, ಲೆಕ್ಕಪರಿಶೋಧಕರ ಪುಣ್ಯ. ಸೈಟಿಗೆ ಮಾತ್ರ ಈ ಭೇದ ಗೊತ್ತಿರಲಿಲ್ಲ. ಎಲ್ಲ ವಿಳಾಸಕ್ಕೂ ಎಲ್ಲ ಸಾಮಾನಿಗೂ ಒಂದೇ ದರ ಹಾಕಿ, ಹಪ್ಪಳದ ಮೇಲೂ ತೆರಿಗೆ ವಸೂಲಿ ಮಾಡಿತ್ತು. ಹಾಗೆ ವಸೂಲಾದದ್ದನ್ನು ಸರಕಾರಕ್ಕೆ ಕಟ್ಟಲೇಬೇಕು. ಮಿಕ್ಕವನ್ನು, ಅಂದರೆ ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆ, ಪೊಟ್ಟಣದ ತೂಕ, ಗರಿಷ್ಠ ಬೆಲೆ, ದೂರು ಕೇಳುವವರ ಹೆಸರು ಇವುಗಳನ್ನು ಹೊಸ ಸೈಟಿನಲ್ಲಿ ಸೇರಿಸಿದೆವು. 2020ರ ಇ-ಕಾಮರ್ಸ್ ನಿಯಮಗಳಂತೆ ದೂರು ಬಂದ 48 ಗಂಟೆಯೊಳಗೆ ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮನೆಯಲ್ಲಿ ಹಪ್ಪಳ ಒತ್ತುವವರಿಗೂ ಇದು ಅನ್ವಯಿಸುತ್ತದೆ ಎಂದರೆ ಅತ್ತೆ ನಂಬಲಿಲ್ಲ.

ಎರಡನೆಯ ಸಲ

ಹೊಸ ಸೈಟನ್ನು ನಾನೇ ಮಾಡಿಕೊಡಬೇಕು ಎಂದು ಮಾವನ ಆಸೆ. ಸಂಬಂಧಿಕರ ಕೆಲಸ ನಾನು ಹಿಡಿಯುವುದಿಲ್ಲ; ಬಾಕಿ ಕೇಳಲು ಬಾಯಿ ಬರುವುದಿಲ್ಲ, ಮದುವೆ ಮನೆಯಲ್ಲಿ ಎದುರಾದಾಗ ಊಟ ರುಚಿಸುವುದಿಲ್ಲ. ಮೊದಲು ಕೇಳಿದ್ದು: ಸೈಟ್ ಬೇಕೇ ಬೇಕಾ? ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಸಾಮಾನುಗಳ ಪಟ್ಟಿ ಹಾಕಿ, ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ಗುರುತಿಸಿದರೆ ಇಂತಹ ಹತ್ತು ಮನೆಗಳಲ್ಲಿ ಆರಕ್ಕೆ ಸಾಕು. ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡು ಹೇಳುವ ಮಾತಿದು. ಇವರಿಗೆ ಬೇಕಿತ್ತು, ನಾನೂರು ಗಿರಾಕಿಗಳು ಆಗಲೇ ಆ ವಿಳಾಸಕ್ಕೆ ಬಂದು ಅಭ್ಯಾಸವಾಗಿತ್ತು.

ಸೊಸೆ ಮೂವರನ್ನು ಮಾತಾಡಿಸಿದಳು. ಮೂವರಿಗೂ ಅವಳ ಮೊದಲ ಪ್ರಶ್ನೆ ಒಂದೇ: "ನಾಳೆ ನೀವು ಈ ಕೆಲಸ ಬಿಟ್ಟರೆ ನಮ್ಮ ಕೈಯಲ್ಲಿ ಏನೇನು ಉಳಿಯುತ್ತದೆ?"

ಮೊದಲನೆಯವರ ಕೊಡುಗೆ 9,999 ರೂಪಾಯಿಯದ್ದು, ಜೊತೆಗೆ ಗೂಗಲ್‌ನ ಮೊದಲ ಪುಟದಲ್ಲಿ ಬರಿಸುವ ಖಾತರಿ. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದಿಟ್ಟಿದೆ. ಪ್ರಶ್ನೆಗೆ ಅವರ ಉತ್ತರ "ನಾವು ಬಿಡುವುದಿಲ್ಲ ಮೇಡಂ". ಎರಡನೆಯವರು ಮಂಗಳೂರಿನ ಕಚೇರಿ, ಮೊಬೈಲ್ ಆ್ಯಪ್ ಸೇರಿ ಒಂದು ಲಕ್ಷ ಇಪ್ಪತ್ತು ಸಾವಿರ. ಹಪ್ಪಳಕ್ಕೆ ಆ್ಯಪ್ ಯಾಕೆ ಎಂದರೆ "ಈಗ ಎಲ್ಲರೂ ಮಾಡುತ್ತಾರೆ". ಸೈಟಿಗೆ ಅವರದ್ದೇ ಸ್ವಂತ ವ್ಯವಸ್ಥೆ, ಬಿಟ್ಟರೆ ಬೇರೆ ಕಡೆ ಒಯ್ಯಲು ಬಾರದು. ಅದನ್ನು ಮುಚ್ಚಿಡದೆ ಹೇಳಿದರು, ಅಷ್ಟು ಪ್ರಾಮಾಣಿಕತೆ ಇತ್ತು. ಮೂರನೆಯವರು ಕಾಸರಗೋಡಿನಲ್ಲಿ ಇಬ್ಬರು ಹೆಂಗಸರು ಸೇರಿ ನಡೆಸುವ ಸಣ್ಣ ಕಚೇರಿ. ಬೆಲೆ 46,000. ಉತ್ತರವಾಗಿ ಒಂದು ಹಾಳೆಯನ್ನು ಕಳಿಸಿದರು: ಡೊಮೇನ್, ಹೋಸ್ಟಿಂಗ್, ಮಿಂಚಂಚೆ, ಪೇಮೆಂಟ್, ಗೂಗಲ್ ಖಾತೆ ಇವು ಐದೂ ನಿಮ್ಮ ಹೆಸರಿನಲ್ಲಿ, ನಿಮ್ಮ ಕಾರ್ಡಿನಲ್ಲಿ, ಕೆಲಸ ಮಾಡಲು ನಮಗೆ ಒಳಗೆ ಬರುವ ಅನುಮತಿ ಕೊಡಿ, ಮುಗಿದ ಮೇಲೆ ತೆಗೆಯಿರಿ. ಕೆಳಗೆ ಒಂದು ಸಾಲು: "ಬೆಲೆ ಖಚಿತ ಮಾಡುವ ಮೊದಲು ಒಂದು ದಿನ ನಿಮ್ಮಲ್ಲಿಗೆ ಬಂದು ಹಪ್ಪಳ ಕಟ್ಟುವುದನ್ನು ನೋಡಬೇಕು." ಅತ್ತೆ ಆ ಸಾಲಿಗೇ ಸೋತರು.

ಕರಾರು ಎರಡು ಪುಟದ್ದು. ಅದರಲ್ಲಿ ನಾನು ಹಟ ಹಿಡಿದು ಬರೆಯಿಸಿದ್ದು ಎರಡು ಮಾತು. ಒಂದು, ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಸಂಬಳದ ನೌಕರನಲ್ಲದವನು ಬರೆದ ಕೋಡಿನ ಮೊದಲ ಒಡೆಯ ಬರೆದವನೇ, ದುಡ್ಡು ಕೊಟ್ಟವನಲ್ಲ. (ದುಡ್ಡು ಕೊಟ್ಟು ತೆಗೆಸಿದ ಫೋಟೋ ಹಾಗಲ್ಲ, ಬೇರೆ ಒಪ್ಪಂದ ಇಲ್ಲದಿದ್ದರೆ ಅದು ತೆಗೆಸಿದವನದ್ದು. ಕಾನೂನಿಗೆ ಹಪ್ಪಳದ ಚಿತ್ರ ಮಾವನದ್ದು, ಅದನ್ನು ತೋರಿಸುವ ಪುಟ ಹುಡುಗನದ್ದು.) ಹಕ್ಕು ವರ್ಗಾವಣೆ ಬರಹದಲ್ಲಿ ಇರಬೇಕು. ಬರೆಯುವಾಗ ಅವಧಿ ಹಾಕಲು ಮರೆತರೆ 19ನೆಯ ಕಲಂ ಅದನ್ನು ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದೂ ಎಣಿಸುತ್ತದೆ. ಆದ್ದರಿಂದ ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಎಲ್ಲ ದೇಶಗಳಿಗೆ ಎಂದು ಅಕ್ಷರದಲ್ಲಿ ಬರೆದೆವು.

ಇನ್ನೊಂದು, ಕೊನೆಯ ಕಂತು. ನೂರಕ್ಕೆ ಇಪ್ಪತ್ತು ಭಾಗ ಹಿಡಿದಿಟ್ಟದ್ದು, ಸೈಟ್ ನಡೆದು ಒಂದು ತಿಂಗಳ ಮೇಲೆ ಬ್ಯಾಕಪ್ಪನ್ನು ಬೇರೊಂದು ಜಾಗದಲ್ಲಿ ಬಿಚ್ಚಿ ಎಬ್ಬಿಸಿ ನಿಲ್ಲಿಸಿ ತೋರಿಸಿದ ದಿನ ಕೊಡತಕ್ಕದ್ದು. ಬ್ಯಾಕಪ್ ಇದೆ ಎನ್ನುವುದು ಎಲ್ಲರೂ ಹೇಳುವ ಮಾತು. ಅದು ಏಳುತ್ತದೆಯೋ ಇಲ್ಲವೋ ಎಂದು ಎಬ್ಬಿಸಿಯೇ ತಿಳಿಯಬೇಕು. ಮೊದಲ ಸಲ ಏಳಲಿಲ್ಲ, ಚಿತ್ರಗಳ ಕಡತವೇ ಅದರಲ್ಲಿ ಸೇರಿರಲಿಲ್ಲ. ಕಾಸರಗೋಡಿನವರು ಮುಖ ಸಪ್ಪಗೆ ಮಾಡಿಕೊಂಡು ಹೋಗಿ ಎರಡು ದಿನದಲ್ಲಿ ಸರಿಪಡಿಸಿ ತಂದರು.

ಸೈಟ್ ಎದ್ದದ್ದು ಅಕ್ಟೋಬರಿನಲ್ಲಿ. ಆ ವರ್ಷದ ಚೌತಿ, ಓಣಂ ಎರಡೂ ಕೈತಪ್ಪಿದವು. ಅಷ್ಟು ದಿನ ವಾಟ್ಸ್ಆ್ಯಪ್‌ನಲ್ಲಿ ಬಂದ ಆರ್ಡರುಗಳಿಂದ ಮನೆ ನಡೆಯಿತು.

ಇನ್ನು ನನ್ನ ಮಾತು. ಪೆರ್ಲದಿಂದ ಬಂದ ರಾತ್ರಿ ನನ್ನದೇ ಖಾತೆ ತೆರೆದು ನೋಡಿದೆ. ಗಿರಾಕಿಗಳ ಹನ್ನೊಂದು ಡೊಮೇನ್‌ಗಳು ನನ್ನ ಹೆಸರಿನಲ್ಲಿದ್ದವು. ಕೆಟ್ಟ ಉದ್ದೇಶ ಯಾವುದರಲ್ಲೂ ಇರಲಿಲ್ಲ. "ನನಗೆ ಇಮೇಲ್ ಗಿಮೇಲ್ ಬೇಡ, ಅದೆಲ್ಲ ನೀನೇ ಮಾಡು" ಎಂದವರೇ ಹೆಚ್ಚು. ಶಾರ್ಜಾದ ಹುಡುಗನಿಗೂ ಮಾವ ಅದನ್ನೇ ಹೇಳಿದ್ದರಂತೆ. ಹನ್ನೊಂದನ್ನೂ ದಾಟಿಸಿ ಮುಗಿಸಲು ನನಗೆ ಎರಡು ತಿಂಗಳು ಹಿಡಿಯಿತು. ನಾಲ್ವರು ನಾನು ಕೆಲಸ ಬಿಡುತ್ತಿದ್ದೇನೆಂದೇ ತಿಳಿದರು, ಒಬ್ಬರು ಸಿಟ್ಟಾದರು.

ಹುಡುಗನ ಲ್ಯಾಪ್‌ಟಾಪಿನಲ್ಲಿ ಉಳಿದ ಹದಿಮೂರು ಗಿರಾಕಿಗಳ ಪಟ್ಟಿಯೂ ಇತ್ತು. ಅವರಿಗೊಮ್ಮೆ ತಿಳಿಸಿ ಅಣ್ಣಾ ಎಂದು ಅವನೇ ಕೇಳಿಕೊಂಡ. ಎರಡು ಹೆಸರುಗಳು ಆಗಲೇ ಕೈಬಿಟ್ಟಿದ್ದವು, ಅದರಲ್ಲಿ ಒಂದು ತೆರೆದರೆ ಇಸ್ಪೀಟಿನ ಆಟ. ಉಳಿದವರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಿದೆ. ಉಪ್ಪಳದ ಅಂಗಡಿಯವರೊಬ್ಬರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ನಮ್ಮದಕ್ಕೆ ಏನೂ ಆಗಿಲ್ಲವಲ್ಲ. ಬೋರ್ಡಿನಲ್ಲಿ ವಿಳಾಸ ಇನ್ನೂ ಹಾಗೆಯೇ ಇದೆ."